ಗ್ರೀನ್ ಕಾರ್ಡು: ಸಂದರ್ಶನ ಮುಗಿದ ಮೇಲೆ

ನಮ್ಮಲ್ಲಿ ಮದುವೆಯಾಯಿತೆಂದು ಹೇಳುವುದಕ್ಕೆ ಸಾಕ್ಷಿಗಳಿಗೆ ಬರವಿಲ್ಲ. ಅಗ್ನಿ ಸಾಕ್ಷಿ, ಪುರೋಹಿತರು ಸಾಕ್ಷಿ, ಧಾರೆಯೆರೆದ ತಾಯಿತಂದೆಗಳು ಸಾಕ್ಷಿ. ಇವರೆಲ್ಲರ ಮೇಲೆ, ಪಂಕ್ತಿಯಲ್ಲಿ ಕುಳಿತು ಉಂಡೆದ್ದ ನಾನೂರು ಐನೂರು ಮಂದಿ ಬಂಧುಮಿತ್ರರೂ ಸಾಕ್ಷಿ. ಇಷ್ಟು ಜನ ನೋಡಿದ ಮೇಲೆ, ‘ನೀವಿಬ್ಬರೂ ನಿಜವಾಗಿ ಗಂಡಹೆಂಡಿರೇ?’ ಎಂದು ಕೇಳುವ ಧೈರ್ಯ ಯಾರಿಗೂ ಬರಲಾರದು. ಆದರೆ ಇದೇ ಪ್ರಶ್ನೆಯನ್ನು ಯಾವ ಸಂಕೋಚವೂ ಇಲ್ಲದೆ ಕೇಳುವ, ಕೇಳುವುದಕ್ಕಾಗಿಯೇ ಸಂಬಳ ಪಡೆಯುವ ಅಧಿಕಾರಿಗಳು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿದ್ದಾರೆ.

ಅಲ್ಲಿನ ಪ್ರಜೆಯೊಬ್ಬನನ್ನು ಮದುವೆಯಾದ ಪರದೇಶದ ಹೆಣ್ಣಾಗಲಿ, ಪ್ರಜೆಯೊಬ್ಬಳ ಕೈಹಿಡಿದ ಪರದೇಶದ ಗಂಡಾಗಲಿ, ಆ ನಾಡಿನಲ್ಲಿ ಶಾಶ್ವತವಾಗಿ ನೆಲೆಸಬೇಕಾದರೆ ಗ್ರೀನ್ ಕಾರ್ಡು ಬೇಕು. ಕಾರ್ಡು ಬೇಕಾದರೆ ಸಾಮಾನ್ಯವಾಗಿ ಸಂದರ್ಶನವೊಂದನ್ನು ದಾಟಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ಆ ದಿನ ದೇವರ ಮುಂದೆ ತುಪ್ಪದ ದೀಪ ಹಚ್ಚುವುದುಂಟು. “ಏನಾಯಿತೇ, ಕೊಟ್ಟರೇನೇ?” ಎಂದು ತಾಯಿ ಫೋನಿನಲ್ಲಿ ಕೇಳುತ್ತಾರೆ. “ಇನ್ನೂ ಇಲ್ಲಮ್ಮ, ಕಾಗದ ಬರುತ್ತದಂತೆ” ಎಂದು ಮಗಳ ಉತ್ತರ. ಸಂದರ್ಶನಕ್ಕೆ ಹೇಗೆ ಸಿದ್ಧರಾಗಬೇಕೆಂದು ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದು ಮುಗಿದ ಮೇಲೆ ಏನೇನಾಗುತ್ತದೆ, ಆ ‘ಕಾಗದ’ದಲ್ಲಿ ಏನಿರಬಹುದು ಎಂಬುದನ್ನು ಬಿಡಿಸಿ ಹೇಳುವವರು ಕಡಮೆ. ಈ ಲೇಖನ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಯತ್ನ.

ಸಂಶಯಕ್ಕೆ ಕಾರಣವೇನು?

ಮೊದಲು ಹೆಸರಿನ ವಿಚಾರ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಶಾಶ್ವತ ನಿವಾಸಿಗಳಿಗೆ ಸರಕಾರ ಕೊಡುತ್ತಿದ್ದ ಚೀಟಿ ಹಸಿರು ಬಣ್ಣದ್ದಾಗಿತ್ತು. 1964ರಲ್ಲಿ ಅದು ತಿಳಿನೀಲಿಯಾಯಿತು. ಮುಂದೆ ಇನ್ನೂ ಕೆಲವು ಬಣ್ಣಗಳನ್ನು ಕಂಡು 2010ರಲ್ಲಿ ಮರಳಿ ಹಸಿರಾಯಿತು. ನಡುವೆ ಬಣ್ಣ ಯಾವುದೇ ಇರಲಿ, ಜನರ ಬಾಯಲ್ಲಿ ಅದು ಗ್ರೀನ್ ಕಾರ್ಡಾಗಿಯೇ ಉಳಿಯಿತು.

ಭಾರತೀಯರಿಗೆ ಆ ದೇಶದ ಬಾಗಿಲು ಬಹುಕಾಲ ಮುಚ್ಚಿತ್ತು. 1946ರ ಲೂಸ್-ಸೆಲ್ಲರ್ ಕಾಯಿದೆ ಅದನ್ನು ತೆರೆದದ್ದು ವರ್ಷಕ್ಕೆ ನೂರು ಮಂದಿಗೆ ಮಾತ್ರ. 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ರುಜು ಹಾಕಿದ ಕಾಯಿದೆಯು ಹುಟ್ಟಿದ ದೇಶವನ್ನು ನೋಡಿ ಪಾಲು ಹಂಚುತ್ತಿದ್ದ ಹಳೆಯ ಪದ್ಧತಿಯನ್ನು ರದ್ದು ಮಾಡಿತು. ಪ್ರಜೆಗಳ ಪತಿ, ಪತ್ನಿ, ಅಪ್ರಾಪ್ತ ವಯಸ್ಸಿನ ಮಕ್ಕಳು, ತಂದೆತಾಯಿಗಳು ಇಂಥವರಿಗೆ ಸಂಖ್ಯೆಯ ಮಿತಿಯೇ ಇಲ್ಲವೆಂದು ಅದು ಸಾರಿತು. ಈ ಮಾತು ಇಂದಿಗೂ ಊರ್ಜಿತವಾಗಿದೆ. ಉದ್ಯೋಗದ ಮೂಲಕ ಗ್ರೀನ್ ಕಾರ್ಡು ಬಯಸುವ ಭಾರತೀಯ ಇಂಜಿನಿಯರು ಹತ್ತು ವರ್ಷಕ್ಕೂ ಮೀರಿ ಸರದಿಯಲ್ಲಿ ನಿಂತಿರುವಾಗ, ಪ್ರಜೆಯನ್ನು ಮದುವೆಯಾದವರಿಗೆ ಸರದಿಯೇ ಇಲ್ಲ. ಬಾಗಿಲು ಇಷ್ಟು ಹತ್ತಿರವಿದ್ದರೆ ಕಳ್ಳರೂ ಅದನ್ನೇ ಹುಡುಕುವರಷ್ಟೆ! ಹಣಕ್ಕಾಗಿ ಸುಳ್ಳು ಮದುವೆಗಳು ನಡೆದುವು. ಅವುಗಳ ಶಂಕೆಯ ಛಾಯೆ ಪ್ರಾಮಾಣಿಕರ ಮೇಲೂ ಬಿದ್ದಿತು.

ಹಾಗಾದರೆ ನಿಜವಾದ ಮದುವೆ ಯಾವುದು? 1975ರಲ್ಲಿ ಬಾರ್ಕ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಮದುವೆಯಾಗುವ ಕಾಲದಲ್ಲಿ ಇಬ್ಬರಿಗೂ ಕೂಡಿ ಬಾಳುವ ಉದ್ದೇಶವಿತ್ತೇ ಎಂಬುದೇ ಅದರ ಒರೆಗಲ್ಲು. ಮುಂದೆ ಅವರು ಬೇರೆಯಾದರೆಂಬ ಮಾತ್ರಕ್ಕೆ ಮದುವೆ ಸುಳ್ಳಾಗದು. ಈ ತೀರ್ಪನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ಕೆಲಸಕ್ಕೆ ಬರುತ್ತದೆ. ಹಿರಿಯರು ಜಾತಕ ನೋಡಿ ನಿಶ್ಚಯಿಸಿದ ಮದುವೆಯೆಂಬ ಕಾರಣಕ್ಕೂ ಯಾರೂ ಹೆದರಬೇಕಾದ್ದಿಲ್ಲ. ಮದುವೆಗೆ ಮುಂಚೆ ಪ್ರೇಮವಿತ್ತೇ ಎಂದು ಕಾಯಿದೆ ಕೇಳುವುದಿಲ್ಲ.

ಅಧಿಕಾರಿಯ ಮುಂದೆ

ವಿದ್ಯಾಭ್ಯಾಸಕ್ಕೆಂದು ಹೋಗಿ, ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರ ಮಗನನ್ನು ಮದುವೆಯಾದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಗಂಡ ಐ-130 ಎಂಬ ಮನವಿಯನ್ನೂ, ಹೆಂಡತಿ ಐ-485 ಎಂಬ ಅರ್ಜಿಯನ್ನೂ ಸಲ್ಲಿಸುತ್ತಾರೆ. 2003ರಿಂದ ಈ ಕೆಲಸವನ್ನು ನೋಡಿಕೊಳ್ಳುತ್ತಿರುವ ಯು.ಎಸ್.ಸಿ.ಐ.ಎಸ್. ಎಂಬ ಇಲಾಖೆ ಇಬ್ಬರನ್ನೂ ತನ್ನ ಸ್ಥಳೀಯ ಕಛೇರಿಗೆ ಕರೆಸುತ್ತದೆ. ಬಲಗೈ ಎತ್ತಿ ಸತ್ಯವನ್ನೇ ನುಡಿಯುತ್ತೇವೆಂದು ಪ್ರಮಾಣ ಮಾಡಿದ ಮೇಲೆ ಪ್ರಶ್ನೆಗಳು ಆರಂಭವಾಗುತ್ತವೆ. ಮೊದಲ ಭೇಟಿ ಎಲ್ಲಿ? ಮದುವೆಗೆ ಯಾರು ಯಾರು ಬಂದಿದ್ದರು? ಮನೆಯ ಬಾಡಿಗೆ ಕೊಡುವವರು ಯಾರು?

ಇಲ್ಲಿ ನಮ್ಮವರಿಗೊಂದು ಅಚ್ಚರಿ ಕಾದಿರುತ್ತದೆ. ಸಾವಿರ ಚಿತ್ರಗಳ ಮದುವೆಯ ಆಲ್ಬಮ್ಮನ್ನು ಅಧಿಕಾರಿ ಕೆಲವು ಪುಟ ತಿರುವಿ ಬದಿಗಿಡಬಹುದು. ಮದುವೆಯ ದಿನ ಏನಾಯಿತೆಂಬುದಕ್ಕಿಂತ ಮಾರನೆಯ ದಿನದಿಂದ ಏನಾಗುತ್ತಿದೆ ಎಂಬುದರಲ್ಲಿ ಅವರಿಗೆ ಆಸಕ್ತಿ. ಇಬ್ಬರ ಹೆಸರಿನ ಬ್ಯಾಂಕಿನ ಖಾತೆ, ಇಬ್ಬರೂ ರುಜು ಹಾಕಿದ ಬಾಡಿಗೆಯ ಕರಾರು, ಜಂಟಿ ತೆರಿಗೆಯ ಲೆಕ್ಕ, ಒಬ್ಬರ ವಿಮೆಯಲ್ಲಿ ಇನ್ನೊಬ್ಬರ ಹೆಸರು, ಒಂದೇ ವಿಳಾಸಕ್ಕೆ ಬಂದ ಟಪಾಲು: ಇವೇ ಅಲ್ಲಿನ ಸಪ್ತಪದಿ. ಊರಿನ ಕನ್ನಡ ಕೂಟದ ಸ್ನೇಹಿತರು ತಾವು ಕಂಡದ್ದನ್ನು ಬರೆದು ಪ್ರಮಾಣಪತ್ರ ಕೊಟ್ಟರೆ ಅದಕ್ಕೂ ಬೆಲೆಯುಂಟು.

ಹೊರಬಂದ ಮೇಲೆ ಕವಲುಗಳು

ಪ್ರಶ್ನೋತ್ತರ ಮುಗಿದ ಮೇಲೆ ಕಾಣುವ ದಾರಿಗಳಲ್ಲಿ ಮೊದಲನೆಯದು ಸುಖದ ದಾರಿ. ಅಧಿಕಾರಿ ಅಲ್ಲಿಯೇ ಒಪ್ಪಿಗೆಯನ್ನು ಹೇಳಬಹುದು. ಅಥವಾ ಕೆಲವು ದಿನಗಳಲ್ಲಿ ಒಪ್ಪಿಗೆಯ ನೋಟೀಸು ಬರಬಹುದು. ಅನಂತರ ಕಾರ್ಡು ಟಪಾಲಿನಲ್ಲಿ ಮನೆಗೆ ಬರುತ್ತದೆ. ಅಲ್ಲಿಯೇ ‘ಆಯಿತು’ ಎನ್ನಲಿಲ್ಲವೆಂದು ಕಂಗಾಲಾಗಬೇಕಾದ್ದಿಲ್ಲ. ಪೂರ್ವಾಪರಗಳ ತನಿಖೆ ಮುಗಿಯದಿದ್ದರೆ, ಮೇಲಧಿಕಾರಿಯ ಪರಿಶೀಲನೆ ಬೇಕಿದ್ದರೆ, ಅಥವಾ ಕೈಯಲ್ಲಿ ಕಡತಗಳು ಹೆಚ್ಚಾಗಿದ್ದರೆ, ಉತ್ತರ ಸಹಜವಾಗಿಯೇ ತಡವಾಗುತ್ತದೆ.

ಎರಡನೆಯದು, ‘ಇನ್ನಷ್ಟು ಸಾಕ್ಷ್ಯ ಕಳುಹಿಸಿ’ ಎಂಬ ಪತ್ರ. ವೈದ್ಯಕೀಯ ಪರೀಕ್ಷೆಯ ವರದಿ ಸರಿಯಿಲ್ಲದಿರಬಹುದು, ಗಂಡನ ವರಮಾನದ ದಾಖಲೆ ಸಾಲದಿರಬಹುದು, ಒಟ್ಟಿಗೆ ವಾಸವಾಗಿರುವ ಪುರಾವೆ ತೆಳುವಾಗಿರಬಹುದು. ಇದಕ್ಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಸ್ವಲ್ಪ ಕಡಮೆ ಅವಧಿ ಸಿಗುತ್ತದೆ. ನೋಟೀಸಿನಲ್ಲಿ ಕಾಣಿಸಿದ ತಾರೀಖಿಗೆ ಒಂದು ದಿನ ತಡವಾದರೂ ಅರ್ಜಿ ಬಿದ್ದುಹೋಗಬಹುದು. ಕೇಳಿದ್ದೆಲ್ಲವನ್ನೂ ಒಂದೇ ಸಲಕ್ಕೆ ಕಳುಹಿಸುವುದು ಕ್ಷೇಮ.

ಮೂರನೆಯದು, ಎರಡನೆಯ ಸಂದರ್ಶನ. ಗಂಡನನ್ನು ಒಂದು ಕೊಠಡಿಯಲ್ಲಿ, ಹೆಂಡತಿಯನ್ನು ಇನ್ನೊಂದರಲ್ಲಿ ಕುಳ್ಳಿರಿಸಿ ಒಂದೇ ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಹೋಲಿಸುತ್ತಾರೆ. ಅಡಿಗೆಯ ಒಲೆ ಗ್ಯಾಸಿನದೋ ವಿದ್ಯುತ್ತಿನದೋ, ನಿನ್ನೆ ರಾತ್ರಿ ಊಟಕ್ಕೆ ಏನಿತ್ತು, ಹಾಸಿಗೆಯ ಯಾವ ಮಗ್ಗುಲಲ್ಲಿ ಯಾರು ಮಲಗುತ್ತಾರೆ! 1990ರಲ್ಲಿ ತೆರೆಕಂಡ ‘ಗ್ರೀನ್ ಕಾರ್ಡ್’ ಎಂಬ ಚಲನಚಿತ್ರದಿಂದ ಈ ದೃಶ್ಯ ಜಗತ್ತಿಗೆಲ್ಲ ಪರಿಚಿತವಾಯಿತು. ವಕೀಲರು ಇದನ್ನು ‘ಸ್ಟೋಕ್ಸ್ ಸಂದರ್ಶನ’ವೆನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಇಂಥ ವಿಚಾರಣೆಗಳು ನಡೆಯುತ್ತಿದ್ದ ರೀತಿ ನ್ಯಾಯವಲ್ಲವೆಂದು ದಂಪತಿಗಳು ಹೂಡಿದ ಮೊಕದ್ದಮೆಯೊಂದರಿಂದ 1970ರ ದಶಕದಲ್ಲಿ ಈ ಹೆಸರು ಬಂತು. ಜೊತೆಗೆ ವಕೀಲರು ಇರಬಹುದು, ಪ್ರಶ್ನೋತ್ತರ ದಾಖಲಾಗಬೇಕು ಎಂಬ ರಕ್ಷಣೆಗಳು ಅಲ್ಲಿ ಆ ಮೊಕದ್ದಮೆಯ ಫಲವಾಗಿ ದೊರೆತುವು. ತಿಳಿಯದ ಪ್ರಶ್ನೆಗೆ ‘ನನಗೆ ನೆನಪಿಲ್ಲ’ ಎಂದು ಹೇಳುವುದು ಅಪರಾಧವಲ್ಲ. ಊಹಿಸಿ ಹೇಳಿದ ಸುಳ್ಳು ಮಾತ್ರ ಕಡತದಲ್ಲಿ ಉಳಿದುಬಿಡುತ್ತದೆ. ಕೆಲವೊಮ್ಮೆ ಇಲಾಖೆಯ ತನಿಖಾಧಿಕಾರಿಗಳು ಮುನ್ಸೂಚನೆ ಇಲ್ಲದೆ ಮನೆಗೇ ಬಂದು ನೋಡುವುದೂ ಉಂಟು.

ನಾಲ್ಕನೆಯದು ನಿರಾಕರಣೆಯ ದಾರಿ. ಸಂಶಯ ಬಲವಾಗಿದ್ದರೆ ‘ನಿಮ್ಮ ಮನವಿಯನ್ನು ನಿರಾಕರಿಸಬೇಕೆಂದಿದ್ದೇವೆ’ ಎಂಬ ನೋಟೀಸು ಬರುತ್ತದೆ. ಉತ್ತರಕ್ಕೆ ಸಿಗುವುದು ಸುಮಾರು ಒಂದು ತಿಂಗಳು ಮಾತ್ರ. ಆಗಲೂ ವಕೀಲರನ್ನು ಕಾಣದಿರುವುದು ಜ್ವರ ನೆತ್ತಿಗೇರಿದರೂ ವೈದ್ಯರನ್ನು ಕರೆಸದಂತೆ. ನಿರಾಕರಣೆಯೇ ಆಗಿಬಿಟ್ಟರೆ, ಗಂಡನ ಐ-130 ಮನವಿಯ ಮೇಲೆ ಮೂವತ್ತು ದಿನಗಳೊಳಗೆ ಮೇಲ್ಮನವಿಗೆ ಅವಕಾಶವುಂಟು. ಹೆಂಡತಿಯ ಐ-485 ಅರ್ಜಿಗೆ ಅಂಥ ಮೇಲ್ಮನವಿ ಇಲ್ಲ. ಪುನರ್ವಿಮರ್ಶೆಯನ್ನು ಕೇಳಬಹುದು; ಗಡೀಪಾರಿನ ನೋಟೀಸು ಬಂದಲ್ಲಿ ವಲಸೆ ನ್ಯಾಯಾಧೀಶರ ಮುಂದೆ ಅದೇ ಬೇಡಿಕೆಯನ್ನು ಮತ್ತೆ ಇಡಬಹುದು.

ಕಾಯುವ ದಿನಗಳು

ಉತ್ತರ ಬರುವ ತನಕ ಬಾಳು ನಿಲ್ಲುವುದಿಲ್ಲ. ಆದರೆ ಕೆಲವು ಕಟ್ಟುಪಾಡುಗಳುಂಟು. ಮನೆ ಬದಲಾಯಿಸಿದರೆ ಹತ್ತು ದಿನಗಳೊಳಗೆ ಹೊಸ ವಿಳಾಸವನ್ನು ಇಲಾಖೆಗೆ ತಿಳಿಸತಕ್ಕದ್ದು. ಹಳೆಯ ವಿಳಾಸಕ್ಕೆ ಹೋದ ನೋಟೀಸು ‘ತಲುಪಲಿಲ್ಲ’ ಎಂಬ ಸಬೂಬನ್ನು ಯಾರೂ ಕೇಳುವುದಿಲ್ಲ. ದುಡಿಯಬೇಕಾದರೆ ಉದ್ಯೋಗದ ಪರವಾನಗಿ ಕೈಯಲ್ಲಿರಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಪ್ರಯಾಣದ ನಿಯಮ. ಐ-485 ಅರ್ಜಿ ತೀರ್ಮಾನವಾಗುವ ಮೊದಲು, ‘ಅಡ್ವಾನ್ಸ್ ಪೆರೋಲ್’ ಎಂಬ ಮುಂಗಡ ಅನುಮತಿ ಇಲ್ಲದೆ ದೇಶ ಬಿಟ್ಟರೆ, ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ. ಎಚ್-1ಬಿ, ಎಚ್-4 ಮೊದಲಾದ ಕೆಲವು ವೀಸಾಗಳಲ್ಲಿ ಊರ್ಜಿತವಾಗಿ ಇರುವವರಿಗೆ ವಿನಾಯಿತಿಯುಂಟು. ನಮ್ಮ ಕಲ್ಪನೆಯ ವಿದ್ಯಾರ್ಥಿನಿಗೆ ಅದಿಲ್ಲ. ಮೈಸೂರಿನಲ್ಲಿ ತಂದೆಗೆ ಹೃದಯಾಘಾತವಾಯಿತೆಂದು ನಡುರಾತ್ರಿ ಸುದ್ದಿ ಬಂದರೆ ಏನು ಗತಿ? ವಿಮಾನ ಹತ್ತಿದರೆ ಅರ್ಜಿ ಹೋಗುತ್ತದೆ. ಹತ್ತದಿದ್ದರೆ ಕೊನೆಯ ದರ್ಶನ ತಪ್ಪುತ್ತದೆ. ಈ ಸಂಕಟದಲ್ಲಿ ಸಿಲುಕಿ ಫೋನಿನ ಪರದೆಯ ಮೇಲೆ ತಂದೆಯ ಮುಖ ನೋಡಿದ ಮಕ್ಕಳು ಕೆಲವರಲ್ಲ. ತುರ್ತು ಕಾರಣಗಳಿಗೆ ಆ ಅನುಮತಿಯನ್ನು ಬೇಗನೆ ಕೇಳುವ ವ್ಯವಸ್ಥೆ ಇದ್ದರೂ, ಅರ್ಜಿ ಹಾಕುವಾಗಲೇ ಅದನ್ನೂ ಜೊತೆಗೆ ಬೇಡಿಕೊಳ್ಳುವುದು ವಿವೇಕ. ತಂದೆತಾಯಿಗಳೂ ಇದನ್ನು ಅರಿತಿರಬೇಕು. ‘ತಂಗಿಯ ಮದುವೆಗೂ ಬರಲಿಲ್ಲವಲ್ಲ’ ಎಂದು ಮಗಳನ್ನು ನೋಯಿಸುವ ಮೊದಲು ಅವಳ ಕೈಯಲ್ಲಿ ಆ ಚೀಟಿ ಇದೆಯೇ ಎಂದು ವಿಚಾರಿಸಲಿ.

ವೀಸಾದ ಅವಧಿ ಮೀರಿ ಉಳಿದವರ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಕಾನೂನುಬದ್ಧವಾಗಿ ದೇಶದೊಳಗೆ ಬಂದು, ಅವಧಿ ಮೀರಿದ್ದರೂ, ಪ್ರಜೆಯ ಪತಿಪತ್ನಿಯರಾದವರು ಅರ್ಜಿ ಹಾಕಬಹುದೆಂಬುದು ಬಹುಕಾಲದ ನಿಯಮ. ಆದರೂ 2025ರ ನವೆಂಬರಿನಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಅಂಥ ಕೆಲವರನ್ನು ಸಂದರ್ಶನದ ಕಛೇರಿಯಲ್ಲಿಯೇ ಬಂಧಿಸಿದ ಸುದ್ದಿಗಳು ವರದಿಯಾದುವು. ಇಂಥವರು ವಕೀಲರಿಲ್ಲದೆ ಸಂದರ್ಶನಕ್ಕೆ ಹೋಗಬಾರದು.

ಮುಂಬಯಿಯಿಂದ ಹೊರಡುವವರು

ವಧು ಇನ್ನೂ ಇಲ್ಲಿಯೇ ಇದ್ದರೆ ದಾರಿ ಬೇರೆ. ಆಗ ಸಂದರ್ಶನ ನಡೆಯುವುದು ಮುಂಬಯಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ. ಲಗ್ನಪತ್ರಿಕೆಯೂ ಛಾಯಾಚಿತ್ರಗಳೂ ಇಲ್ಲಿ ಮದುವೆಯ ಪ್ರಮಾಣಪತ್ರದ ಸ್ಥಾನವನ್ನು ತುಂಬಲಾರವು. ನೋಂದಣಿ ಕಛೇರಿಯ ಪತ್ರ ಬೇಕೇ ಬೇಕು. ಅಧಿಕಾರಿ ಒಪ್ಪಿದರೆ ಪಾಸ್‌ಪೋರ್ಟನ್ನು ಇಟ್ಟುಕೊಂಡು, ವೀಸಾ ಅಂಟಿಸಿ ಕೆಲವು ದಿನಗಳಲ್ಲಿ ಹಿಂದಿರುಗಿಸುತ್ತಾರೆ. ಕಾಗದ ಸಾಲದಿದ್ದರೆ ‘221(ಜಿ)’ ಎಂಬ ಚೀಟಿ ಕೊಡುತ್ತಾರೆ. ಅದನ್ನು ಕಂಡು ಅಳುತ್ತ ಹೊರಬರುವವರುಂಟು. ಅನೇಕ ವೇಳೆ ಅದರ ಅರ್ಥ ‘ಈ ಕೊರತೆಯನ್ನು ತುಂಬಿರಿ’ ಎಂದಷ್ಟೇ. ವೀಸಾ ದೊರೆತವರು ಅದರ ಅವಧಿಯೊಳಗೆ ಅಮೆರಿಕಾ ಸೇರಬೇಕು. ಅಲ್ಲಿನ ವಿಮಾನನಿಲ್ದಾಣದಲ್ಲಿ ಆ ವೀಸಾದ ಮೇಲೆ ಬೀಳುವ ಮುದ್ರೆಯೇ ಒಂದು ವರ್ಷದ ಕಾಲ ಗ್ರೀನ್ ಕಾರ್ಡಿಗೆ ಸಮಾನ. ಕಾರ್ಡು ಅನಂತರ ಟಪಾಲಿನಲ್ಲಿ ಬರುತ್ತದೆ.

ನಮ್ಮ ಹೆಸರುಗಳೂ ಅಲ್ಲಿ ಪೇಚಿಗೆ ಸಿಕ್ಕುವುದುಂಟು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ‘ಎಫ್.ಎನ್.ಯು.’ ಎಂದು ಅಚ್ಚಾಗುತ್ತದೆ. ‘ಮೊದಲ ಹೆಸರು ತಿಳಿಯದು’ ಎಂದು ಅದರ ಅರ್ಥ! ನಾಮಕರಣದ ದಿನ ಅಕ್ಕಿಯ ಮೇಲೆ ಬರೆದು, ಕಿವಿಯಲ್ಲಿ ಮೂರು ಸಲ ಹೇಳಿದ ಹೆಸರಿಗೆ ಈ ಗತಿ. ಕಾರ್ಡು ಕೈಗೆ ಬಂದ ಕೂಡಲೆ ಹೆಸರು, ಜನ್ಮದಿನಗಳನ್ನು ಒಂದೊಂದಕ್ಷರವೂ ಬಿಡದೆ ಓದಿ ನೋಡಬೇಕು.

ಎರಡು ವರ್ಷವೋ ಹತ್ತು ವರ್ಷವೋ?

ಹೆಸರಿನೊಡನೆ ನೋಡಬೇಕಾದ ಇನ್ನೊಂದು ವಿಷಯ ಕಾರ್ಡಿನ ಅವಧಿ. ಶಾಶ್ವತ ನಿವಾಸದ ಹಕ್ಕು ದೊರೆತ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಕಾರ್ಡು. ತುಂಬದಿದ್ದರೆ ಎರಡೇ ವರ್ಷದ, ಷರತ್ತಿನ ಕಾರ್ಡು. ಅಲ್ಲಿಯೇ ಇದ್ದು ಅರ್ಜಿ ಹಾಕಿದವರಿಗೆ ಒಪ್ಪಿಗೆಯಾದ ದಿನವೂ, ಮುಂಬಯಿಯಿಂದ ಹೋದವರಿಗೆ ಅಮೆರಿಕಾ ನೆಲದ ಮೇಲೆ ಪ್ರವೇಶ ದೊರೆತ ದಿನವೂ ಈ ಲೆಕ್ಕಕ್ಕೆ ಆಧಾರ. ಷರತ್ತಿನ ಕಾರ್ಡಿನ ಮೇಲೆ ‘ಸಿ.ಆರ್.’ ಎಂಬ ಅಕ್ಷರಗಳೂ, ಪೂರ್ಣಾವಧಿಯದರ ಮೇಲೆ ‘ಐ.ಆರ್.’ ಎಂಬ ಅಕ್ಷರಗಳೂ ಇರುತ್ತವೆ. ಎರಡು ವರ್ಷ ತುಂಬಿದ್ದರೂ ತಪ್ಪಾಗಿ ಷರತ್ತಿನ ಕಾರ್ಡು ಬಂದಿದ್ದರೆ ತಿದ್ದಿಸಿಕೊಳ್ಳಬಹುದು.

ಈ ಷರತ್ತನ್ನು ತಂದದ್ದು 1986ರ ನವೆಂಬರ್ 10ರಂದು ಅಧ್ಯಕ್ಷ ರೇಗನ್ ರುಜು ಹಾಕಿದ ಕಾಯಿದೆ. ಸುಳ್ಳು ಮದುವೆಗಳು ಎರಡು ವರ್ಷ ಬಾಳಲಾರವು, ಆದ್ದರಿಂದ ಎರಡು ವರ್ಷ ಕಾದು ಮತ್ತೊಮ್ಮೆ ನೋಡೋಣವೆಂಬುದು ಅದರ ತರ್ಕ. ಆ ಕಾರ್ಡಿನ ಅವಧಿ ಮುಗಿಯುವ ಮುಂಚಿನ ತೊಂಬತ್ತು ದಿನಗಳೊಳಗೆ ಗಂಡಹೆಂಡಿರಿಬ್ಬರೂ ರುಜು ಹಾಕಿ ಐ-751 ಎಂಬ ಅರ್ಜಿಯನ್ನು ಸಲ್ಲಿಸಬೇಕು. ಮತ್ತೆ ಜಂಟಿ ಖಾತೆ, ಮತ್ತೆ ಬಾಡಿಗೆಯ ಕರಾರು, ತೆರಿಗೆಯ ಲೆಕ್ಕ; ಮಗುವಾಗಿದ್ದರೆ ಅದರ ಜನನಪತ್ರ. ಸಾಕ್ಷ್ಯ ಗಟ್ಟಿಯಾಗಿದ್ದರೆ ಮತ್ತೊಂದು ಸಂದರ್ಶನವಿಲ್ಲದೆಯೂ ಕೆಲಸವಾಗಬಹುದು. ತೀರ್ಮಾನಕ್ಕೆ ಬಹಳ ಕಾಲ ಹಿಡಿಯುವುದರಿಂದ, ಅರ್ಜಿ ತಲುಪಿದ ರಸೀದಿಯು ಹಳೆಯ ಕಾರ್ಡಿನ ಅವಧಿಯನ್ನು ನಲವತ್ತೆಂಟು ತಿಂಗಳು ವಿಸ್ತರಿಸುವ ಏರ್ಪಾಡು 2023ರಲ್ಲಿ ಬಂತು. ಅರ್ಜಿಯನ್ನೇ ಸಲ್ಲಿಸದೆ ಮರೆತವರ ನಿವಾಸದ ಹಕ್ಕು ಮಾತ್ರ ಎರಡನೆಯ ವರ್ಷದ ಕೊನೆಗೆ ತಾನಾಗಿಯೇ ಅಳಿಯುತ್ತದೆ. ತಡವಾದದ್ದಕ್ಕೆ ತಕ್ಕ ಕಾರಣವನ್ನು ರುಜುವಾತುಪಡಿಸುವ ಹೊಣೆ ಅವರದಾಗುತ್ತದೆ. ಸಂದರ್ಶನದ ದಿನವನ್ನು ಎಲ್ಲರೂ ನೆನಪಿಡುತ್ತಾರೆ. ನಿಜವಾಗಿ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಬೇಕಾದದ್ದು ಈ ತೊಂಬತ್ತು ದಿನಗಳಿಗೆ.

ಒಂದು ರುಜುವಿನ ಬಲ

‘ಇಬ್ಬರೂ ರುಜು ಹಾಕಬೇಕು’ ಎಂಬ ಮೂರು ಪದಗಳನ್ನು ಮತ್ತೊಮ್ಮೆ ಓದಿರಿ. ಸುಖದ ಸಂಸಾರದಲ್ಲಿ ಅದು ಒಂದು ಗಳಿಗೆಯ ಕೆಲಸ. ಆದರೆ ಗಂಡ ಕೆಟ್ಟವನಾದರೆ? ‘ಹೇಳಿದಂತೆ ಕೇಳದಿದ್ದರೆ ರುಜು ಹಾಕುವುದಿಲ್ಲ, ಊರಿಗೆ ಅಟ್ಟಿಸಿಬಿಡುತ್ತೇನೆ’ ಎಂಬ ಒಂದು ಮಾತು ಸಾಕು, ಹೊಸ ದೇಶದಲ್ಲಿ ದಿಕ್ಕಿಲ್ಲದ ಹೆಣ್ಣನ್ನು ಬಾಯಿಮುಚ್ಚಿಸಲು. ವಂಚನೆ ತಡೆಯಲೆಂದು ಮಾಡಿದ ಷರತ್ತು ಕೆಲವು ಮನೆಗಳಲ್ಲಿ ಹೆದರಿಸುವ ಆಯುಧವಾಯಿತು. ಪೆಟ್ಟು ತಿಂದವಳು ಪೋಲೀಸರಿಗೆ ಹೇಳಲಿಲ್ಲ, ತವರಿಗೂ ಹೇಳಲಿಲ್ಲ. ‘ಹೊಂದಿಕೊಂಡು ಹೋಗಮ್ಮ, ಕಾರ್ಡು ಬರುವ ತನಕ’ ಎಂದು ತವರೇ ಹೇಳಿದ ಉದಾಹರಣೆಗಳೂ ಇಲ್ಲದಿಲ್ಲ.

ಅಲ್ಲಿನ ಶಾಸನಸಭೆ ಈ ದೋಷವನ್ನು ಬೇಗನೆ ಕಂಡುಕೊಂಡಿತೆಂಬುದು ಮೆಚ್ಚಬೇಕಾದ ಸಂಗತಿ. ಗಂಡನ ರುಜು ಇಲ್ಲದೆ ಹೆಂಡತಿ ತಾನೊಬ್ಬಳೇ ಐ-751 ಸಲ್ಲಿಸುವ ದಾರಿಗಳು ಈಗ ಇವೆ. ಮದುವೆ ಪ್ರಾಮಾಣಿಕವಾಗಿದ್ದು ವಿಚ್ಛೇದನದಲ್ಲಿ ಮುಗಿದಿದ್ದರೆ ಒಂದು ದಾರಿ. ಹಿಂದೆ ಹೇಳಿದ 1975ರ ತೀರ್ಪಿನ ತತ್ತ್ವ ಇಲ್ಲಿ ಕೈಹಿಡಿಯುತ್ತದೆ: ಮುರಿದುಬಿದ್ದ ಮದುವೆಗೂ ಸುಳ್ಳು ಮದುವೆಗೂ ವ್ಯತ್ಯಾಸವಿದೆ. ಗಂಡ ಹೊಡೆದಿದ್ದರೆ ಅಥವಾ ಘೋರವಾಗಿ ಹಿಂಸಿಸಿದ್ದರೆ ಇನ್ನೊಂದು ದಾರಿ; 1990ರಲ್ಲಿ ತೆರೆದ ಈ ದಾರಿಗೆ ವಿಚ್ಛೇದನ ಆಗಿರಲೇಬೇಕೆಂಬ ನಿಯಮವಿಲ್ಲ. ದೇಶ ಬಿಟ್ಟು ಹೋಗಬೇಕಾದರೆ ವಿಪರೀತ ಸಂಕಷ್ಟವಾಗುತ್ತದೆಂದು ತೋರಿಸುವುದು ಮೂರನೆಯದು. ಈ ಮೂರಕ್ಕೂ ಕೊನೆಯ ತೊಂಬತ್ತು ದಿನಗಳ ತನಕ ಕಾಯಬೇಕಾಗಿಲ್ಲ.

ಇನ್ನೂ ಕಾರ್ಡೇ ಬಂದಿಲ್ಲ, ಗಂಡನ ಮನವಿ ಇಲಾಖೆಯಲ್ಲಿ ಕುಳಿತಿದೆ ಎನ್ನುವವಳಿಗೂ 1994ರ ಕಾಯಿದೆ ಆಸರೆ ಕೊಟ್ಟಿತು. ಹಿಂಸೆಗೊಳಗಾದವರು ಐ-360 ಎಂಬ ಅರ್ಜಿಯ ಮೂಲಕ ಸ್ವತಃ ಮನವಿ ಮಾಡಿಕೊಳ್ಳಬಹುದು. ಅದರ ಸುದ್ದಿಯನ್ನು ಇಲಾಖೆ ಗಂಡನಿಗೆ ತಿಳಿಸಕೂಡದು. ಈ ಹಕ್ಕುಗಳೆಲ್ಲ ಗಂಡಸರಿಗೂ ಸಮಾನವಾಗಿವೆ. ನಮ್ಮ ಭಾಗದ ಹೆಣ್ಣುಮಕ್ಕಳ ಮಾತು ತಿಳಿದು ನೆರವಾಗಲೆಂದು 1985ರಲ್ಲಿ ನ್ಯೂಜೆರ್ಸಿಯಲ್ಲಿ ಆರಂಭವಾದ ‘ಮಾನವಿ’ಯಂಥ ಸಂಸ್ಥೆಗಳೂ ಅಲ್ಲಿ ಹುಟ್ಟಿಕೊಂಡುವು.

ಇನ್ನೆರಡು ಸಂಗತಿಗಳು ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳುವಾಗ ಗಂಡ ಐ-864 ಎಂಬ ಕರಾರಿಗೆ ರುಜು ಹಾಕಿರುತ್ತಾನೆ: ಇವಳ ವರಮಾನ ಸರಕಾರ ಗೊತ್ತುಮಾಡಿದ ಬಡತನದ ರೇಖೆಯ ಶೇಕಡಾ 125ಕ್ಕಿಂತ ಕೆಳಗಿಳಿಯದಂತೆ ಪೋಷಿಸುತ್ತೇನೆ ಎಂದು. ವಿಚ್ಛೇದನವಾದರೂ ಈ ಕರಾರು ಮುಗಿಯುವುದಿಲ್ಲ. ಅವಳು ಪ್ರಜೆಯಾಗುವ ತನಕ, ಇಲ್ಲವೆ ಸುಮಾರು ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಸೇರುವ ತನಕ, ಇಲ್ಲವೆ ಅವಳು ಆ ದೇಶವನ್ನು ಶಾಶ್ವತವಾಗಿ ಬಿಡುವ ತನಕ, ಅಥವಾ ಇಬ್ಬರಲ್ಲೊಬ್ಬರು ತೀರಿಹೋಗುವ ತನಕ ಅದು ಅವನನ್ನು ಕಟ್ಟಿಹಾಕಿರುತ್ತದೆ. ಎರಡನೆಯದು ಇನ್ನೂ ದುಃಖದ ವಿಷಯ. ಮನವಿ ಇತ್ಯರ್ಥವಾಗುವ ಮೊದಲೇ ಗಂಡ ತೀರಿಹೋದರೆ, ಮದುವೆಯಾಗಿ ಎರಡು ವರ್ಷ ತುಂಬಿರದ ವಿಧವೆಯ ಮನವಿಯೂ ಹಿಂದೆ ಅವನೊಡನೆ ಸಾಯುತ್ತಿತ್ತು. 2009ರ ಅಕ್ಟೋಬರಿನಲ್ಲಿ ಆ ಅನ್ಯಾಯವನ್ನು ತೆಗೆದುಹಾಕಲಾಯಿತು. ಪ್ರಜೆಯಾಗಿದ್ದ ಗಂಡ ತೀರಿಕೊಂಡ ಎರಡು ವರ್ಷಗಳೊಳಗೆ, ಮರುಮದುವೆಯಾಗದೆ ಇದ್ದಲ್ಲಿ, ಅವಳು ತಾನೇ ಮನವಿ ಮಾಡಿಕೊಳ್ಳಬಹುದು.

ಸುಳ್ಳಿನ ಬೆಲೆ

ಉದಾರವಾದ ಈ ಕಾಯಿದೆ ವಂಚಕರ ಮೇಲೆ ಬಹಳ ಕಠೋರ. ವಲಸೆಯ ನಿಯಮಗಳಿಂದ ತಪ್ಪಿಸಿಕೊಳ್ಳಲು ತಿಳಿದೂ ತಿಳಿದೂ ಸುಳ್ಳು ಮದುವೆಯಾದವರಿಗೆ ಐದು ವರ್ಷದವರೆಗೆ ಸೆರೆವಾಸ, ಎರಡೂವರೆ ಲಕ್ಷ ಡಾಲರುಗಳವರೆಗೆ ದಂಡ. ಅದಕ್ಕಿಂತಲೂ ಮಿಗಿಲಾದ ಶಿಕ್ಷೆ ಇನ್ನೊಂದುಂಟು. ಒಮ್ಮೆ ಸುಳ್ಳು ಮದುವೆಯೆಂದು ಸಿದ್ಧವಾದರೆ, ಮುಂದೆ ಆ ವ್ಯಕ್ತಿ ನಿಜವಾಗಿ ಪ್ರೀತಿಸಿ ಮದುವೆಯಾದರೂ, ಒಳ್ಳೆಯ ನೌಕರಿ ಸಿಕ್ಕಿದರೂ, ಅವರ ಪರವಾದ ಮನವಿಯನ್ನು ಒಪ್ಪುವಂತಿಲ್ಲ. ‘ಒಂದು ಕಾಗದಕ್ಕೆ ಮಾತ್ರ’ ಎಂದು ದಲ್ಲಾಳಿಗಳು ಮುಂದಿಡುವ ಸಂಬಂಧಕ್ಕೆ ಬಲಿಯಾಗುವ ತರುಣರಿಗೆ ಇದನ್ನು ಹೇಳುವವರು ಬೇಕು.

ಕೊನೆಯ ಮೆಟ್ಟಿಲು

ಷರತ್ತು ಕಳೆದ ಮೇಲೆ ಹತ್ತು ವರ್ಷದ ಕಾರ್ಡು. ಆದರೆ ಅದು ಕಪಾಟಿನಲ್ಲಿಟ್ಟು ಮರೆಯುವ ವಸ್ತುವಲ್ಲ. ಹದಿನೆಂಟು ತುಂಬಿದವರು ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಕಾಯಿದೆ. ಬಾಣಂತನಕ್ಕೋ, ತಾಯಿಯ ಶುಶ್ರೂಷೆಗೋ ಊರಿಗೆ ಬಂದು ವರ್ಷಕ್ಕೂ ಮೀರಿ ಉಳಿಯಬೇಕಾದೀತೆಂದು ಕಂಡರೆ, ಹೊರಡುವ ಮುನ್ನವೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಬೇಕು. ಪ್ರಜೆಯೊಡನೆ ದಾಂಪತ್ಯದಲ್ಲಿ ಕೂಡಿ ಬಾಳುತ್ತಿದ್ದವರು, ಶಾಶ್ವತ ನಿವಾಸದ ಮೂರು ವರ್ಷಗಳ ಬಳಿಕ ಪೌರತ್ವವನ್ನು ಕೇಳಬಹುದು. ಉಳಿದವರಿಗೆ ಐದು ವರ್ಷ. ಷರತ್ತಿನ ಎರಡು ವರ್ಷಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಆದರೆ ನಮ್ಮ 1955ರ ಪೌರತ್ವ ಕಾಯಿದೆ ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಆ ಪ್ರಮಾಣವಚನ ಸ್ವೀಕರಿಸಿದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಗ್ರೀನ್ ಕಾರ್ಡಿನಲ್ಲಿಯೇ ನಿಂತು, ಆ ಮೆಟ್ಟಿಲನ್ನು ಹತ್ತಲು ಮನಸ್ಸಾಗದೆ ಉಳಿದವರೂ ಇದ್ದಾರೆ. ಅದು ಅವರವರ ಮನಸ್ಸಿನ ವಿಷಯ.

ಈ ವಿವರಗಳಿಂದ ಮನೆಯವರು ನೆನಪಿಡಬೇಕಾದ ಮಾತು ಒಂದೇ. ಅಲ್ಲಿ ಗಂಡಹೆಂಡಿರ ಬಾಳಿಗೆ ಜೊತೆಜೊತೆಯಾಗಿ ಕಾಗದದ ಬಾಳೂ ಒಂದಿದೆ. ಅದನ್ನು ಇಬ್ಬರೂ ಸಮವಾಗಿ ತಿಳಿದಿರಬೇಕು. ‘ಅದೆಲ್ಲ ಇವರೇ ನೋಡಿಕೊಳ್ಳುತ್ತಾರೆ’ ಎಂಬ ಮಾತು ಅಡಿಗೆಮನೆಯ ಪಟ್ಟಿಗೆ ಸಲ್ಲಬಹುದು, ವಲಸೆಯ ಕಡತಕ್ಕೆ ಸಲ್ಲದು. ಮಗಳನ್ನು ಕಳುಹಿಸಿಕೊಡುವ ತಾಯಿತಂದೆಗಳು ಸೀರೆ ಒಡವೆಗಳನ್ನು ಕಟ್ಟಿಕೊಡುವಾಗ, ಅವಳ ಅರ್ಜಿಗಳ, ರಸೀದಿಗಳ, ಗಂಡ ರುಜು ಹಾಕಿದ ಕರಾರಿನ ಒಂದೊಂದು ಪ್ರತಿಯನ್ನು ಅವಳದೇ ಚೀಲದಲ್ಲಿಡುವಂತೆ ಹೇಳಲಿ. ಇನ್ನೊಂದು ಪ್ರತಿಯನ್ನು ತಮ್ಮ ಬೀರುವಿನಲ್ಲಿಟ್ಟುಕೊಳ್ಳಲಿ. ಕಾರ್ಡು ಬಂದ ದಿನ ಪಾಯಸ ಮಾಡಲಿ, ತಪ್ಪೇನಿಲ್ಲ. ಆದರೆ ಪಾಯಸ ಉಂಡ ಮೇಲೆ ಅದರ ಅವಧಿ ಯಾವ ತಾರೀಖಿಗೆ ಮುಗಿಯುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಲಿ.